ನಿಷ್ಕಪಟವಾದ ನಂಬಿಕೆ (2 ತಿಮೊಥೆಯನಿಗೆ 1:5) – ಯುವಜನರ ಕೂಟದ ಸಂದೇಶ

ದೇವರಿಗೆ ಸ್ತೋತ್ರ. ಎಲ್ಲರೂ ಕುಳಿತುಕೊಳ್ಳಿ. ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇದಾವೆ.

ಸತ್ಯವೇದ ತೆರೆಯೋಣ. ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆ, ಮೊದಲನೆಯ ಅಧ್ಯಾಯ, ಐದನೆಯ ವಚನ. ಓದಿದಿರಾ? ಪೌಲನು ಸೆರೆಯಲ್ಲಿದ್ದಾನೆ, ತನ್ನ ಸಮಯ ಹತ್ತಿರ ಬಂದಿದೆ ಅಂತ ಅವನಿಗೆ ಗೊತ್ತು. ಅಂಥ ಹೊತ್ತಿನಲ್ಲಿ ಅವನಿಗೆ ತಿಮೊಥೆಯನ ವಿಷಯದಲ್ಲಿ ನೆನಪಾಗೋದು ಏನು? ಅವನ ಪ್ರಸಂಗ ಅಲ್ಲ, ವರಗಳೂ ಅಲ್ಲ. ಅವನಲ್ಲಿದ್ದ ನಿಷ್ಕಪಟವಾದ ನಂಬಿಕೆ. ಆ ನಂಬಿಕೆ ಮೊದಲು ಅವನ ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನೀಕೆಯಲ್ಲಿ ವಾಸವಾಗಿತ್ತು ಅಂತ ಹೇಳ್ತಾನೆ.

ನಂಬಿಕೆ ಅನ್ನೋ ಪದ ನಮಗೆ ಚೆನ್ನಾಗಿ ಗೊತ್ತು. ಇವತ್ತು ಅದರ ಹಿಂದಿನ ಪದ ನೋಡೋಣ. ನಿಷ್ಕಪಟ. ಯೇಸುಸ್ವಾಮಿ ಫರಿಸಾಯರನ್ನು ‘ಕಪಟಿಗಳೇ’ ಅಂತ ಕರೆದಾಗ ಗ್ರೀಕಿನಲ್ಲಿ ಇರೋ ಪದ ‘ಹುಪೊಕ್ರಿತೇಸ್’. ಆ ಕಾಲದ ಗ್ರೀಕರಿಗೆ ಅದರ ಅರ್ಥ ನಟ, ರಂಗದ ಮೇಲೆ ಪಾತ್ರ ಮಾಡುವವನು. ಪೌಲನು ತಿಮೊಥೆಯನ ನಂಬಿಕೆಗೆ ಬಳಸಿದ್ದು ಅದೇ ಪದದ ವಿರುದ್ಧ ರೂಪ. ಪಾತ್ರ ಮಾಡದ ನಂಬಿಕೆ, ಬಣ್ಣ ಹಚ್ಚದ ನಂಬಿಕೆ.

ನಮ್ಮ ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾತ್ರೆ ಬಂದ್ರೆ ಕಂಪನಿ ನಾಟಕ ಬರ್ತದೆ. ರಾತ್ರಿ ಸ್ಟೇಜಿನ ಮೇಲೆ ರಾಜ, ತಲೆ ಮೇಲೆ ಕಿರೀಟ, ಏನು ಡೈಲಾಗು! ಬೆಳಿಗ್ಗೆ ನೋಡಿದ್ರೆ ಬಸ್ ಸ್ಟ್ಯಾಂಡಿನ ಮುಂದೆ ಟಾವೆಲ್ ಹಾಕ್ಕೊಂಡು ಚಾ ಕುಡೀತಾ ನಿಂತಿರ್ತಾರೆ, ಕಿವಿ ಹಿಂದೆ ಇನ್ನೂ ಬಣ್ಣ. ಅದರಲ್ಲಿ ತಪ್ಪಿಲ್ಲ, ಅದು ಅವರ ಹೊಟ್ಟೆಪಾಡು. ಅವರು ರಾಜ ಅಲ್ಲ ಅಂತ ಅವರಿಗೂ ಗೊತ್ತು, ನೋಡೋವರಿಗೂ ಗೊತ್ತು. ಆದರೆ ಭಾನುವಾರ ಹತ್ತರಿಂದ ಒಂದರ ತನಕ ನಾನು ಪಾತ್ರ ಮಾಡಿದ್ರೆ? ಅದು ನೋಡೋವರಿಗೆ ಗೊತ್ತಾಗೋದಿಲ್ಲ. ಕೆಲವು ವರ್ಷ ಆದಮೇಲೆ ನನಗೂ ಗೊತ್ತಾಗೋದಿಲ್ಲ. ಭಯ ಇರೋದು ಅಲ್ಲಿ.

ಪ್ರಿಯರೇ, ಇಲ್ಲಿ ಬೆಂಗಳೂರಿನಲ್ಲಿ ಕೂತಿರೋ ನಿಮ್ಮಲ್ಲಿ ಅನೇಕರು ನನ್ನ ಹಾಗೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಂದವರು. ಆ ಕಡೆಯವರಲ್ಲದವರೂ ಸ್ವಲ್ಪ ತಾಳ್ಮೆಯಿಂದ ಕೇಳಿ, ನಿಮ್ಮ ಊರೂ ಹೀಗೇ ಇರಬಹುದು. ಅಲ್ಲಿ ವಿಶ್ವಾಸಿಗಳು ಕಡಿಮೆ. ತಿಮೊಥೆಯನ ಊರು ಲುಸ್ತ್ರವೂ ಹಾಗೇ. ಪೌಲನಿಗೆ ಕಲ್ಲೆಸೆದ ಊರು ಅದು. ತಿಮೊಥೆಯನ ತಂದೆ ಗ್ರೀಕನು, ತಾಯಿ ನಂಬಿದ ಯೆಹೂದ್ಯಳು. ಅಪೊಸ್ತಲರ ಕೃತ್ಯಗಳು 16ರಲ್ಲಿ ನೋಡಿ, ಪೌಲನು ಅವನನ್ನು ಸೇವೆಗೆ ಕರಕೊಳ್ಳೋಕ್ಕೆ ಮುಂಚೆ ಲುಸ್ತ್ರ, ಇಕೋನ್ಯ ಎರಡೂ ಊರಿನ ಸಹೋದರರು ಅವನ ಬಗ್ಗೆ ಒಳ್ಳೆ ಸಾಕ್ಷಿ ಹೇಳ್ತಿದ್ರು. ತನ್ನೂರಲ್ಲೂ ಹೆಸರು, ಪಕ್ಕದೂರಲ್ಲೂ ಹೆಸರು.

ಸಣ್ಣ ಊರಿನಲ್ಲಿ ಬಚ್ಚಿಡೋಕ್ಕಾಗೋದಿಲ್ಲ. ಒಂದ್ಸಲ ಸಿಂದಗಿಯಲ್ಲಿ ಕೂಟ ಮುಗಿಸಿ ಚಾದಂಗಡಿಯಲ್ಲಿ ನಿಂತಿದ್ದೆ. ಅಂಗಡಿಯವರು ನನ್ನ ಕೈಯಲ್ಲಿದ್ದ ಸತ್ಯವೇದ ನೋಡಿ, “ಪಾಸ್ಟರ್ ಏನ್ರಿ? ನಿಮ್ಮ ಪ್ರಾರ್ಥನಾಕ್ಕ ಬರೋ ಆ ಹುಡುಗಗ ಹೇಳ್ರಿ, ಮೂರು ತಿಂಗಳಾತು ಉದ್ರಿ ಕೊಟ್ಟಿಲ್ಲ” ಅಂದ್ರು. ಅಷ್ಟೇ. ಅವರಿಗೆ ಯೇಸುವಿನ ಬಗ್ಗೆ ಗೊತ್ತಿದ್ದದ್ದು ಆ ಉದ್ರಿ ಲೆಕ್ಕದಷ್ಟು. ನಾನು ಅರ್ಧ ಗಂಟೆ ಮೈಕಿನಲ್ಲಿ ಹೇಳಿದ್ದು ಅವರ ಅಂಗಡಿಗೂ ಕೇಳಿಸಿರಬೇಕು, ಆದರೆ ಅವರು ಓದ್ತಾ ಇದ್ದದ್ದು ಬೇರೆ ಪುಸ್ತಕ.

ಇನ್ನೊಂದು ಮಾತು. ಬಸವನ ಬಾಗೇವಾಡಿ 12ನೇ ಶತಮಾನದ ಬಸವಣ್ಣನವರು ಹುಟ್ಟಿದ ಊರು. ಆ ನೆಲದ ಜನ ಕಾಯಕ, ದಾಸೋಹ ಅನ್ನೋ ಪದ ಕೇಳುತ್ತಲೇ ಬೆಳೆದವರು. ದುಡಿಮೆಯಲ್ಲಿ ಪ್ರಾಮಾಣಿಕತೆ ಇಲ್ಲದ ಭಕ್ತಿಯನ್ನ ಅವರು ಭಕ್ತಿ ಅಂತ ಒಪ್ಪೋದಿಲ್ಲ. ನಾವು ಅವರ ಮುಂದೆ ಹೋಗಿ ಬರೀ ಬಾಯಲ್ಲಿ ‘ರಕ್ಷಣೆ ಹೊಂದಿದ್ದೀವಿ’ ಅಂದ್ರೆ ಅವರು ನಮ್ಮ ಕೈ ಕಡೆ ನೋಡ್ತಾರೆ. ನೋಡಲಿ. ನೋಡಬೇಕಾದ್ದೇ.

ಆದರೆ ನೀವು ಈಗ ಸಿಟಿಯಲ್ಲಿದ್ದೀರಿ. ಪಿಜಿಯಲ್ಲಿ ಪಕ್ಕದ ರೂಮಿನವರ ಹೆಸರು ಗೊತ್ತಿಲ್ಲ. ಇಲ್ಲಿ ಉದ್ರಿ ಕೇಳೋರಿಲ್ಲ, ‘ನೀನು ಇಂಥವರ ಮಗ ಅಲ್ಲೇನೋ’ ಅನ್ನೋರಿಲ್ಲ. ಊರಿನಲ್ಲಿ ನಮ್ಮನ್ನ ನೆಟ್ಟಗೆ ಇಟ್ಟದ್ದು ದೇವರ ಭಯವೋ, ಊರಿನವರ ಭಯವೋ ಅನ್ನೋದು ಇಲ್ಲಿ ಬಂದಮೇಲೆ ಗೊತ್ತಾಗ್ತದೆ.

ನನ್ನ ಆಯಿ, ಅಂದರೆ ತಾಯಿಯ ತಾಯಿ, ಇಂಡಿ ಕಡೆಯವಳು. ಇಂಡಿ ನಿಂಬೆಹಣ್ಣು ನಿಮಗೆ ಗೊತ್ತೇ ಇದೆ, ಅದಕ್ಕೆ ಈಗ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಆಯಿಗೆ ಸ್ವಲ್ಪ ನಿಂಬೆಗಿಡ ಇದ್ದವು. ರಜೆಯಲ್ಲಿ ಹೋದಾಗ ಕಾಯಿ ಆರಿಸಿ ಚೀಲ ತುಂಬೋದು ನಮ್ಮ ಕೆಲಸ. ನಿಂಬೆ ಎಣಿಕೆ ಮೇಲೆ ಮಾರೋ ಮಾಲು. ಸಣ್ಣದೂ ಒಂದು ಕಾಯಿ, ದಪ್ಪದೂ ಒಂದು ಕಾಯಿ. ನಾನು ಬುದ್ಧಿವಂತ! ಪಕ್ಕದ ತೋಟದವರು ಮಾಡೋದು ನೋಡಿ, ಸಣ್ಣ ಕಾಯಿ, ಕಲೆ ಬಿದ್ದ ಕಾಯಿ ಎಲ್ಲ ತಳದಲ್ಲಿ ಹಾಕಿ, ಮೇಲೆ ಒಂದು ಗೇಣು ದಪ್ಪ ಹಳದಿ ಕಾಯಿ ಜೋಡಿಸಿದೆ. ಆಯಿ ಬಂದು ಚೀಲದೊಳಗೆ ಮೊಳಕೈ ತನಕ ಕೈ ಹಾಕಿದಳು. ಏನೂ ಬೈಯಲಿಲ್ಲ. ಇಡೀ ಚೀಲ ನೆಲದ ಮೇಲೆ ಸುರುವಿದಳು.

“ಮ್ಯಾಲಿಂದ ಯೇಸು ನೋಡ್ತಾನಂತ ಹಾಡ್ತೀಯಲ್ಲೋ, ಅಂವಗ ಮ್ಯಾಲಿನ ಕಾಯಿ ಅಷ್ಟ ಕಾಣತಾವೇನು?”

ಆಮೇಲೆ ನನ್ನ ಕೈಯಿಂದಲೇ ಬೆರೆಸಿ ತುಂಬಿಸಿದಳು. ಆಕೆಗೆ ಓದು ಬರಹ ಬರ್ತಿರಲಿಲ್ಲ. ಜ್ಞಾನೋಕ್ತಿ 11ರಲ್ಲಿ ಮೋಸದ ತಕ್ಕಡಿ ಕರ್ತನಿಗೆ ಅಸಹ್ಯ ಅಂತ ಇದೆ ಅನ್ನೋದು ಯಾರೋ ಓದಿ ಹೇಳಿದ್ದು ಆಕೆಗೆ ನೆನಪಿದ್ದಿರಬೇಕು. ಆ ವರ್ಷ ಆಕೆಗೆ ರೇಟು ಹೆಚ್ಚೇನೂ ಸಿಗಲಿಲ್ಲ, ಹಾಗಂತ ಸುಳ್ಳು ಸಾಕ್ಷಿ ಹೇಳೋದಿಲ್ಲ. ಬೇಸಿಗೆಯಲ್ಲಿ ಎಲ್ಲರಿಗೂ ಸಿಕ್ಕಷ್ಟೇ ಸಿಕ್ತು.

ನನಗೂ ಒಬ್ಬ ಲೋವಿ ಇದ್ದಳು, ಅದಕ್ಕೆ ದೇವರಿಗೆ ಸ್ತೋತ್ರ. ಆದರೆ ನಾನು ಇವತ್ತು ಹೇಳಬೇಕು ಅಂತ ಬಂದಿರೋದು ಆಯಿಯ ವಿಷಯ ಅಲ್ಲ. ನನ್ನ ಮನೆಯ ಇನ್ನೊಂದು ಕಡೆಯ ವಿಷಯ. ಹೇಳೋಕ್ಕೆ ಮುಂಚೆ ಮನೆಯವರ ಒಪ್ಪಿಗೆ ಕೇಳಿದ್ದೀನಿ.

ಅಪೊಸ್ತಲರ ಕೃತ್ಯಗಳು 4 ಮತ್ತು 5ನೇ ಅಧ್ಯಾಯ ತೆಗೀರಿ. ನಾಲ್ಕರಲ್ಲಿ ಏನಿದೆ? ಪ್ರಾರ್ಥಿಸಿದರು, ಸ್ಥಳ ನಡುಗಿತು, ಎಲ್ಲರೂ ಪವಿತ್ರಾತ್ಮಭರಿತರಾದರು. ನಾವು ಪೆಂಟೆಕೋಸ್ಟ್‌ನವರು ಇಷ್ಟಪಟ್ಟು ಓದೋ ಭಾಗ. ಹಾಳೆ ತಿರುವಿದ್ರೆ ಐದನೇ ಅಧ್ಯಾಯ, ಅನನೀಯ ಮತ್ತು ಸಪ್ಫೈರ. ಆತ್ಮಭರಿತವಾದ ಸಭೆಯೊಳಗೆ ಮೊದಲು ಬಯಲಾದ ಪಾಪ ಯಾವುದು? ವ್ಯಭಿಚಾರ ಅಲ್ಲ, ವಿಗ್ರಹಾರಾಧನೆ ಅಲ್ಲ. ಹೊಲದ ರೊಕ್ಕ. ಅದೂ ಕೊಡಲಿಲ್ಲ ಅಂತಲ್ಲ. ಪೇತ್ರನು ಸ್ಪಷ್ಟವಾಗಿ ಹೇಳ್ತಾನೆ, ಹೊಲ ನಿನ್ನದೇ ಆಗಿತ್ತು, ಮಾರಿದ ಹಣವೂ ನಿನ್ನ ಕೈಯಲ್ಲೇ ಇತ್ತು ಅಂತ. ಅರ್ಧ ಕೊಟ್ಟು ‘ಅರ್ಧ ಕೊಟ್ಟಿದ್ದೀನಿ’ ಅಂದಿದ್ರೆ ಅವನು ಬದುಕಿರ್ತಿದ್ದ. ಅವನು ಪೂರ್ತಿ ಕೊಟ್ಟವನ ಪಾತ್ರ ಮಾಡಿದ. ಹುಪೊಕ್ರಿತೇಸ್.

ನಮ್ಮ ಹೊಲ ಬಸವನ ಬಾಗೇವಾಡಿ ತಾಲೂಕಿನಲ್ಲಿ ಕೃಷ್ಣಾ ದಂಡಿಗೆ ಇತ್ತು. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ನೀರು ನಿಂತದ್ದು ಎಷ್ಟೋ ವರ್ಷದ ಮೇಲೆ. ಆ ನಡುವಿನ ಕಾಲದಲ್ಲಿ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು, ಮುಳುಗಡೆ. ಯಾವ ಊರು ಮುಳುಗಡೆ, ಯಾರ ಹೊಲ ಮುಳುಗಡೆ, ಮುಳುಗಡೆ ರೊಕ್ಕ ಎಷ್ಟು ಬಂತು. ಹೊಳೆಯ ಕಪ್ಪು ಮಣ್ಣು ಹೋಗಿ ಕೈಗೆ ಚೆಕ್ಕು ಬಂತು. ಎಷ್ಟೋ ಮನೆಗಳು ನೀರಿನಿಂದ ಒಡೀಲಿಲ್ಲ, ಆ ಚೆಕ್ಕಿನಿಂದ ಒಡೆದವು. ಇಲ್ಲಿ ಆ ಕಡೆಯವರು ತಲೆ ಆಡಿಸ್ತಾ ಇದ್ದೀರಿ, ನಿಮಗೆ ಗೊತ್ತು.

ನಮ್ಮ ಅಪ್ಪಾರು ಮತ್ತು ಕಾಕಾ ಇಬ್ಬರು ಅಣ್ಣತಮ್ಮಂದಿರು. ನಾಲ್ಕು ಎಕರೆ, ಇಬ್ಬರಿಗೂ ಎರಡೆರಡು. ಆದರೆ ಅದು ಬಾಯಿಮಾತಿನ ವಾಟ್ನಿ. ಉತಾರದಲ್ಲಿ ಹಿರಿಯರಾದ ಅಪ್ಪಾರ ಹೆಸರು ಮಾತ್ರ ಇತ್ತು. ಕಾಕಾ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ್ರು. ಕಾಕು, ಒಬ್ಬಳು ಮಗಳು. ಮುಳುಗಡೆ ರೊಕ್ಕ ಬಂದದ್ದು ಅಪ್ಪಾರ ಖಾತೆಗೆ. ಕಾಕುವಿನ ಪಾಲು 90,000 ರೂಪಾಯಿ.

ಅಪ್ಪಾರು ಆಗ ವಿಶ್ವಾಸಿ. ಸುಮ್ಮನೆ ವಿಶ್ವಾಸಿ ಅಲ್ಲ, ಸಭೆಯ ಹಿರಿಯರು. ಅನ್ಯಭಾಷೆಯಲ್ಲಿ ಪ್ರಾರ್ಥನೆ ಮಾಡ್ತಿದ್ರೆ ಪಕ್ಕದವರ ಕಣ್ಣಲ್ಲಿ ನೀರು ಬರೋದು. ಅವರ ಪ್ರಾರ್ಥನೆ ಸುಳ್ಳು ಅಂತ ನಾನು ಇವತ್ತಿಗೂ ಹೇಳಲಾರೆ. ಕಾಕು ಕೇಳಿದಾಗೆಲ್ಲ ‘ಕೊಡೋಣು, ಮಗಳ ಮದಿವಿ ಟೈಮಿಗೆ ಕೊಡೋಣು’ ಅಂತಿದ್ರು. ಆಮೇಲೆ ಆಕೆ ಕೇಳೋದು ಬಿಟ್ಟಳು. ಮಗಳನ್ನು ಕರಕೊಂಡು ಗುಳೆ ಹೋಗಿ ಕೂಲಿ ಮಾಡಿದಳು. ಮದುವೆ ಸಾಲ ಮಾಡಿ ಮಾಡಿದಳು.

ಅಪ್ಪಾರು ಕರ್ತನಲ್ಲಿ ನಿದ್ರೆಹೋದ ಮೇಲೆ ಟ್ರಂಕಿನಲ್ಲಿ ಹಳೇ ಪಾಸ್‌ಬುಕ್ ಸಿಕ್ತು. ಕೊನೇ ಹಾಳೆಯಲ್ಲಿ ಅವರದೇ ಅಕ್ಷರ, ‘ತಮ್ಮನ ಪಾಲು 90,000’. ಅಂದ್ರೆ ಮರೆತಿರಲಿಲ್ಲ. ಇಷ್ಟು ವರ್ಷ ಗೊತ್ತಿತ್ತು. ಮತ್ತೆ ಪಾಸ್‌ಬುಕ್ ತಿರುವಿದ್ರೆ ಆ ರೊಕ್ಕ ಎಲ್ಲಿ ಹೋಗಿದೆ ಅಂತಾನೂ ಇತ್ತು. ಮನೆ ಕಟ್ಟೋದಕ್ಕೆ ಒಂದಿಷ್ಟು. ಇನ್ನೊಂದಿಷ್ಟು ನನ್ನ ಬೈಬಲ್ ಕಾಲೇಜಿನ ಫೀ.

ನಾನು ದೇವರ ವಾಕ್ಯ ಕಲಿತದ್ದು ವಿಧವೆಯ ರೊಕ್ಕದಲ್ಲಿ.

ಆಗ ನಾನು ಏನು ಮಾಡಿದೆ ಗೊತ್ತಾ? ಪ್ರಾರ್ಥನೆ ಮಾಡಿದೆ. ಎಂಟು ತಿಂಗಳು. ಮೂರು ದಿನ ಉಪವಾಸವೂ ಇದ್ದೆ. ಉಪವಾಸಕ್ಕೆ ಖರ್ಚಿಲ್ಲ ನೋಡಿ. ‘ಕರ್ತನೇ, ಕಾಕುವಿನ ಹೃದಯದಲ್ಲಿ ಕ್ಷಮೆ ಕೊಡು’ ಅಂತ ಕಣ್ಣೀರು ಹಾಕಿದೆ. ಆ ಎಂಟು ತಿಂಗಳಲ್ಲಿ ನನ್ನ ಪ್ರಸಂಗಗಳಿಗೆ ಜನ ‘ಆಮೆನ್’ ಅಂತಲೇ ಇದ್ರು, ಕೂಟಗಳಲ್ಲಿ ಬಿಡುಗಡೆ ಆಗ್ತಲೇ ಇತ್ತು. ಇದನ್ನ ನೀವು ಗಮನಿಸಬೇಕು ಅಂತ ಹೇಳ್ತಾ ಇದ್ದೀನಿ. ದೇವರು ಒಬ್ಬರನ್ನು ಉಪಯೋಗಿಸ್ತಾ ಇದ್ದಾರೆ ಅನ್ನೋದು ಅವರ ಲೆಕ್ಕ ಸರಿಯಿದೆ ಅನ್ನೋದಕ್ಕೆ ರಸೀದಿ ಅಲ್ಲ. ನನ್ನದೂ ಅಲ್ಲ, ಯಾವ ದೊಡ್ಡ ಸೇವಕರದ್ದೂ ಅಲ್ಲ.

ಒಂದು ದಿನ ಪ್ರಸಂಗ ತಯಾರಿ ಮಾಡ್ತಾ ಯಾಜಕಕಾಂಡ 6ನೇ ಅಧ್ಯಾಯಕ್ಕೆ ಬಂದೆ. ನೆರೆಯವನಿಗೆ ಮೋಸ ಮಾಡಿದವನು ಅಸಲನ್ನು ಪೂರ್ತಿ ಹಿಂದಕ್ಕೆ ಕೊಡಬೇಕು, ಅದರ ಮೇಲೆ ಐದರಲ್ಲಿ ಒಂದು ಭಾಗ ಸೇರಿಸಬೇಕು. ಯಾವಾಗ? ಪ್ರಾಯಶ್ಚಿತ್ತದ ಯಜ್ಞ ತರೋ ದಿವಸದಲ್ಲೇ. ಯಜ್ಞದ ಕುರಿ ಬೇರೆ, ನೆರೆಯವನ ರೊಕ್ಕ ಬೇರೆ. ಒಂದು ಕೊಟ್ಟರೆ ಇನ್ನೊಂದು ಮನ್ನಾ ಆಗೋದಿಲ್ಲ. 90,000ಕ್ಕೆ ಐದರಲ್ಲೊಂದು 18,000. ಒಟ್ಟು 1,08,000. ಆಗಿನ ನನ್ನ ಸೇವೆಯ ಆದಾಯದಲ್ಲಿ ತಿಂಗಳಿಗೆ 3,000ಕ್ಕಿಂತ ಹೆಚ್ಚು ಆಗ್ತಿರಲಿಲ್ಲ. ಮೂರು ವರ್ಷ.

ಮೊದಲ ಕಂತು ತಗೊಂಡು ಹೋದೆ. ಕಾಕು ಅಂಗಳದಲ್ಲಿ ಜೋಳ ಹಸನು ಮಾಡ್ತಾ ಕೂತಿದ್ದಳು. ನಾನು ಮೊಣಕಾಲೂರಿ ಎಲ್ಲ ಹೇಳಿದೆ, ಅಪ್ಪಾರ ಪರವಾಗಿ, ನನ್ನ ಪರವಾಗಿ ಕ್ಷಮೆ ಕೇಳಿದೆ. ನಾನು ಅಂದ್ಕೊಂಡಿದ್ದೆ, ಆಕೆ ಅಳ್ತಾಳೆ, ತಬ್ಕೊತಾಳೆ, ನಾನು ಮುಂದಿನ ವಾರ ಸಾಕ್ಷಿ ಹೇಳ್ತೀನಿ. ಆಕೆ ನೋಟು ಎಣಿಸಿದಳು. ಎಣಿಸಿ ಸೆರಗಿನ ತುದಿಗೆ ಕಟ್ಟಿದಳು. ಆಮೇಲೆ ಹೇಳಿದಳು,

“ಆವಾಗಿನ ತೊಂಬತ್ತು ಸಾವಿರಕ್ಕ ಎರಡು ಎಕರೆ ಬರ್ತಿತ್ತಪಾ. ಈಗಿನ ತೊಂಬತ್ತು ಸಾವಿರಕ್ಕ ಏನ್ ಬರ್ತದ ಹೇಳು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಜಕ್ಕಾಯನು ಯಾಕೆ ನಾಲ್ಕು ಪಟ್ಟು ಅಂದ ಅಂತ ಆ ಅಂಗಳದಲ್ಲಿ ಗೊತ್ತಾಯ್ತು. ಯಾಜಕಕಾಂಡದ ಲೆಕ್ಕ ಅವನಿಗೂ ಗೊತ್ತಿತ್ತು. ಆದರೆ ಕಳಕೊಂಡವರು ಎಷ್ಟು ಕಳಕೊಂಡ್ರು ಅಂತ ಅವನು ಅವರ ಕಡೆ ನಿಂತು ಲೆಕ್ಕ ಹಾಕಿದ. ನಾನು ನನ್ನ ಕಡೆ ನಿಂತು ಹಾಕಿದ್ದೆ.

ಆಕೆ ಇನ್ನೊಂದು ಮಾತೂ ಹೇಳಿದಳು. “ನಿಮ್ಮಪ್ಪ ಪ್ರಾರ್ಥನಾಕ್ಕ ಕುಂತಾಗ ನಾ ಎದ್ದು ಹಿತ್ತಲಕ್ಕ ಹೋಗ್ತಿದ್ದೆ. ನಿಮ್ಮ ಯೇಸುನ ಮ್ಯಾಲ ನನಗೇನೂ ಸಿಟ್ಟಿಲ್ಲ. ಆದ್ರ ಅಂವನ ಹೆಸರು ಕೇಳಿದ್ರ ನನಗ ನನ್ನ ಹೊಲ ನೆನಪಾಗ್ತದ.”

1,08,000 ಮುಗಿದು ಬಹಳ ದಿನ ಆಯ್ತು. ನಾನು ಕೊಡೋದು ನಿಲ್ಲಿಸಿಲ್ಲ. ಕಾಕು ಇವತ್ತಿನ ತನಕ ಸಭೆಗೆ ಬಂದಿಲ್ಲ. ಹೋದಾಗ ಚಾ ಮಾಡ್ತಾಳೆ, ಕೊಲ್ಹಾರದ ಮೊಸರು ತರಿಸಿ ಊಟ ಹಾಕ್ತಾಳೆ. ಮೊದಲು ಅದೂ ಇರಲಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ‘ಪಾಸ್ಟರ್, ನಮಗೆ ಹೊಲಾನೂ ಇಲ್ಲ, ಮುಳುಗಡೇನೂ ಇಲ್ಲ’ ಅಂತೀರಿ. ನಿಮ್ಮ ಪಾಸ್‌ಬುಕ್ಕು ಫೋನಿನಲ್ಲೇ ಇದೆ. ರೂಮ್‌ಮೇಟ್ ಮೂರು ತಿಂಗಳಿಂದ ನಿಮ್ಮ ಪಾಲಿನ ಕರೆಂಟ್ ಬಿಲ್ ಕಟ್ತಾ ಇರಬಹುದು. ಟ್ಯಾಕ್ಸ್ ಉಳಿಸೋಕ್ಕೆ ಬಾಡಿಗೆ ರಸೀದಿ ನೀವೇ ಬರ್ಕೊಂಡಿರಬಹುದು. ಕಾಲೇಜಿನವರು ಪ್ರಾಕ್ಸಿ ಅಟೆಂಡೆನ್ಸ್ ಹಾಕಿಸಿ ಯುವಜನರ ಕೂಟಕ್ಕೆ ಬಂದಿರಬಹುದು, ನಗಬೇಡಿ, ಇಲ್ಲೇ ಇದ್ದೀರಿ ಅಂತ ಗೊತ್ತು. ಮನೆ ಕಟ್ಟಿಸೋ ಗುತ್ತಿಗೆಯಲ್ಲಿರೋ ತಮ್ಮಂದಿರು ಇದ್ದೀರಿ. ಮುದ್ದೇಬಿಹಾಳದ ಕಡೆಯಿಂದ ಬಂದ ನಮ್ಮದೇ ಜನ ನಿಮ್ಮ ಸೈಟಿನಲ್ಲಿ ಕೆಲಸ ಮಾಡ್ತಾರೆ. ಶನಿವಾರದ ಪಗಾರ ಮುಂದಿನ ಶನಿವಾರಕ್ಕೆ ತಳ್ಳಿ ಭಾನುವಾರ ಇಲ್ಲಿ ಬಂದು ಕೈಯೆತ್ತಿ ಆರಾಧಿಸಿದ್ರೆ, ಯಾಕೋಬ 5:4 ಓದಿ. ಕೊಯ್ದವರ ತಡೆಹಿಡಿದ ಕೂಲಿ ಕೂಗ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ. ನಿಮ್ಮ ಹಾಡು, ಅವರ ಕೂಲಿ, ಎರಡೂ ಒಂದೇ ಕಿವಿಗೆ.

ಎಲ್ಲದಕ್ಕೂ ಸುಲಭದ ಉತ್ತರ ಇಲ್ಲ, ಅದನ್ನೂ ಹೇಳಬೇಕು. ಒಬ್ಬ ತಂಗಿ, ಹೆಸರು ಬೇಡ, ಅವಳ ಒಪ್ಪಿಗೆಯಿಂದ ಹೇಳ್ತಾ ಇದ್ದೀನಿ. ಕನ್ಸಲ್ಟೆನ್ಸಿಯವರು ಮಾಡಿಕೊಟ್ಟ ಎರಡು ವರ್ಷದ ಸುಳ್ಳು ಎಕ್ಸ್‌ಪೀರಿಯನ್ಸ್ ಲೆಟರ್ ಕೊಟ್ಟು ಕೆಲಸಕ್ಕೆ ಸೇರಿದ್ದಳು. ಮನೆಯಲ್ಲಿ ತಂದೆ ಇಲ್ಲ, ತಮ್ಮನ ಫೀ ಅವಳೇ ಕಟ್ಟಬೇಕು. ನನ್ನ ಹತ್ತಿರ ಬಂದಾಗ ‘ನಾಳೆಯೇ ಹೋಗಿ ಹೇಳಿಬಿಡು’ ಅನ್ನೋಕ್ಕೆ ನನಗೆ ಧೈರ್ಯ ಆಗಲಿಲ್ಲ. ಕೆಲಸ ಹೋದ್ರೆ ಊಟ ಹಾಕೋದು ನಾನಲ್ಲವಲ್ಲ. ಮೂರು ವಾರ ಪ್ರಾರ್ಥಿಸಿ ಅವಳೇ ಹೋಗಿ ಮ್ಯಾನೇಜರ್ ಹತ್ತಿರ ಹೇಳಿದಳು. ಕೆಲಸದಿಂದ ತೆಗೆದರು. ನಾಲ್ಕು ತಿಂಗಳು ಕೆಲಸ ಇರಲಿಲ್ಲ. ಸಾಕ್ಷಿ ಹೇಳುವಾಗ ನಾವು ಯಾವಾಗಲೂ ‘ಆಮೇಲೆ ಕರ್ತನು ಡಬಲ್ ಸಂಬಳದ ಕೆಲಸ ಕೊಟ್ಟನು’ ಅಂತ ಮುಗಿಸ್ತೀವಿ. ಇಲ್ಲಿ ಸಿಕ್ಕಿದ್ದು ಕಡಿಮೆ ಸಂಬಳದ ಕೆಲಸ. ಎರಡು ತಿಂಗಳ ಪಿಜಿ ಬಾಡಿಗೆ ಈ ಕೂಟದವರೇ ಸೇರಿ ಕಟ್ಟಿದಿರಿ, ಅದು ನೀವು ಕೇಳಿದ ಯಾವ ಹಾಡಿಗಿಂತ ಕಡಿಮೆ ಆರಾಧನೆ ಅಲ್ಲ. ಸತ್ಯ ಹೇಳು ಅಂತ ಒಬ್ಬರಿಗೆ ಹೇಳೋ ಸಭೆ, ಹೇಳಿದಮೇಲೆ ಅವರ ಬಾಡಿಗೆಗೂ ನಿಲ್ಲಬೇಕು.

ಇಷ್ಟು ಕೇಳಿದ ಮೇಲೆ ಯಾರಾದ್ರೂ, ಲೆಕ್ಕ ಚುಕ್ತಾ ಮಾಡಿದ್ರೆ ದೇವರು ನಮ್ಮನ್ನ ಸ್ವೀಕರಿಸ್ತಾರೆ ಅಂದ್ಕೊಂಡ್ರೆ ನಾನು ಸರಿಯಾಗಿ ಹೇಳಿಲ್ಲ ಅಂತ ಅರ್ಥ. ಲೂಕ 19ರಲ್ಲಿ ಕ್ರಮ ನೋಡಿ. ಜಕ್ಕಾಯನು ನಾಲ್ಕು ಪಟ್ಟು ಕೊಟ್ಟ ಮೇಲೆ ಯೇಸು ಅವನ ಮನೆಗೆ ಬರಲಿಲ್ಲ. ಅವನು ಇನ್ನೂ ಮರದ ಮೇಲಿದ್ದಾಗಲೇ, ಒಂದು ಪೈಸಾನೂ ಹಿಂದಕ್ಕೆ ಕೊಡದಿದ್ದಾಗಲೇ, ‘ಇವತ್ತು ನಿನ್ನ ಮನೆಯಲ್ಲಿ ಇಳ್ಕೋಬೇಕು’ ಅಂದ್ರು. ಊರಿನವರೆಲ್ಲ ಗೊಣಗಿದ್ರು. ಯೇಸು ಮನೆಯೊಳಗೆ ಕೂತ ಮೇಲೆ ಅವನಿಗೆ ತನ್ನ ಪೆಟ್ಟಿಗೆಯಲ್ಲಿ ಯಾರ್ಯಾರ ರೊಕ್ಕ ಇದೆ ಅಂತ ಕಾಣಿಸ್ತು. ಕರ್ತನು ಪಾಪಿಯ ಮನೆಗೆ ಬರ್ತಾನೆ, ಸ್ತೋತ್ರ. ಬಂದ ಮೇಲೆ ಟ್ರಂಕ್ ತೆಗೀ ಅಂತಾನೆ.

ವಾದ್ಯದ ತಂಡದವರು ಸ್ವಲ್ಪ ತಡೀರಿ, ಈಗಲೇ ಬೇಡ.

ಇವತ್ತು ಕರ್ತನ ಭೋಜನ ಇದೆ. ರೊಟ್ಟಿ, ಪಾತ್ರೆ ಸಿದ್ಧವಾಗಿದೆ. ಮತ್ತಾಯ 5:23-24ರಲ್ಲಿ ಯೇಸುಸ್ವಾಮಿ ಏನು ಹೇಳ್ತಾರೆ? ಯಜ್ಞವೇದಿಯ ಹತ್ತಿರ ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದ್ರೆ, ಕಾಣಿಕೆಯನ್ನ ಅಲ್ಲೇ ಬಿಟ್ಟು ಮೊದಲು ಹೋಗು. ನಾವು ಇದನ್ನ ಓದ್ತೀವಿ, ಆಮೇಲೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಒಪ್ಪಂದ ಮಾಡ್ಕೊಂಡು ರೊಟ್ಟಿ ತಗೊಂಡುಬಿಡ್ತೀವಿ. ಇವತ್ತು ಹಾಗೆ ಮಾಡೋದು ಬೇಡ. ನಿಮ್ಮ ಎಲ್ಲರ ಕೈಯಲ್ಲಿ ಫೋನ್ ಇದೆ. ಯಾರ ಹೆಸರು ಈಗ ನೆನಪಿಗೆ ಬಂತೋ, ಪವಿತ್ರಾತ್ಮನು ಯಾರ ಹೆಸರು ತೋರಿಸಿದನೋ, ಅವರಿಗೆ ಫೋನ್ ಮಾಡಿ. ರೂಮ್‌ಮೇಟ್ ಆಗಿರಲಿ, ಅಣ್ಣ ಆಗಿರಲಿ, ಊರಲ್ಲಿರೋ ಅಪ್ಪ ಆಗಿರಲಿ. ಪೂರ್ತಿ ಕೊಡೋಕ್ಕಾಗದಿದ್ರೆ ಎಷ್ಟು ತಿಂಗಳು, ಎಷ್ಟೆಷ್ಟು ಅಂತ ಹೇಳಿ. ಅವರು ಬೈದ್ರೆ ಬೈಸ್ಕೊಳ್ಳಿ. ಎದುರು ಮಾತಾಡಬೇಡಿ, ವಚನ ಹೇಳೋಕ್ಕೆ ಹೋಗಬೇಡಿ.

ಈಗ ಹನ್ನೆರಡು ಗಂಟೆ ಹತ್ತು ನಿಮಿಷ. ಹಿಂದಿನ ಎರಡೂ ಬಾಗಿಲು ತೆಗೀರಿ ತಮ್ಮಾ. ಹೊರಗೆ ಹೋಗಿ ಮಾತಾಡಿ ಬನ್ನಿ. ಅರ್ಧ ಗಂಟೆ ಆದರೂ ಸರಿ. ಮೇಜಿನ ಮೇಲಿನ ಬಟ್ಟೆ ಅಲ್ಲಿಯ ತನಕ ತೆಗೆಯೋದಿಲ್ಲ, ನಾವು ಕಾಯ್ತಾ ಇರ್ತೀವಿ.